ಹೀಚು ಉದುರುತ್ತಿದೆಯೇ? ಔಷಧಿಗೆ ಮೊದಲು ಬ್ಲೇಡ್ ಹಿಡಿಯಿರಿ

ಹೋದ ಬೇಸಿಗೆಯಲ್ಲಿ ಅರ್ಧ ಎಕರೆಗೆ ಸೌತೆ ಹಾಕಿದ್ದೆ. ಬಳ್ಳಿ ಚೆನ್ನಾಗಿ ಹಬ್ಬಿತ್ತು, ಹೂವಿಗೂ ಕೊರತೆ ಇರಲಿಲ್ಲ. ಆದರೆ ಕಾಯಿ ನಿಲ್ಲುತ್ತಿರಲಿಲ್ಲ. ಕಿರುಬೆರಳಿನಷ್ಟು ದೊಡ್ಡದಾಗುವ ಹೊತ್ತಿಗೆ ಹೀಚು ಹಳದಿಯಾಗಿ, ಸುಕ್ಕುಗಟ್ಟಿ, ಮುಟ್ಟಿದರೆ ಸಾಕು ಉದುರುತ್ತಿತ್ತು. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಐದು ಔಷಧಿಗಳ ಹೆಸರು ಬಂತು. ಅದರಲ್ಲಿ ಎರಡನ್ನು ತಂದು, ಬಿಸಿಲೇರುವ ಮೊದಲೇ ಮುಗಿಸೋಣ ಅಂತ ಬೆಳಿಗ್ಗೆ ಎಂಟು ಗಂಟೆಗೆ ಹೊಡೆದೆ. ನಾಲ್ಕು ದಿನ ಬಿಟ್ಟು ನೋಡಿದರೆ ಉದುರುವುದು ಇನ್ನೂ ಜಾಸ್ತಿಯಾಗಿತ್ತು.

ಪಕ್ಕದ ಹೊಲದ ದೊಡ್ಡಪ್ಪ ಬಂದು ನೋಡಿ ಒಂದೇ ಮಾತು ಕೇಳಿದರು: "ಔಷ್ದಿ ಹೊಡ್ದಿದ್ದು ಸರಿ ಕಣ್ಲಾ, ಒಳಗೆ ಹುಳ ಐತಾ ಅಂತ ಕುಯ್ದು ನೋಡ್ದಾ?"

ನೋಡಿರಲಿಲ್ಲ. ಉದುರಿದ ಹತ್ತು ಹೀಚು ಆರಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಎರಡರಲ್ಲಿ ಮಾತ್ರ ಹುಳ ಇತ್ತು. ಉಳಿದ ಎಂಟರಲ್ಲಿ ಹುಳವೂ ಇಲ್ಲ, ಕೊಳೆಯೂ ಇಲ್ಲ. ಬೀಜ ಇರಬೇಕಾದ ಜಾಗದಲ್ಲಿ ಬಲಿಯದ ಸಣ್ಣ ಬಿಳಿ ಚುಕ್ಕಿಗಳಷ್ಟೇ. ಅಂದರೆ ನನ್ನ ಹೊಲದಲ್ಲಿ ಹೆಚ್ಚಾಗಿದ್ದದ್ದು ಹುಳದ ಕಾಟವಲ್ಲ. ಹೂವಿಗೆ ಜೇನು ಬಂದಿರಲಿಲ್ಲ. ಬರುತ್ತಿದ್ದ ಅಷ್ಟಿಷ್ಟನ್ನೂ ನಾನೇ ಔಷಧಿ ಹೊಡೆದು ಓಡಿಸಿದ್ದೆ.

ಗಂಡು ಹೂ ಯಾವುದು, ಹೆಣ್ಣು ಹೂ ಯಾವುದು?

ಟೊಮೆಟೊ, ಬದನೆ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಒಟ್ಟಿಗೇ ಇರುತ್ತವೆ. ಸೌತೆ, ಕುಂಬಳ, ಹಾಗಲ, ಹೀರೆ, ಸೋರೆಯಲ್ಲಿ ಸಾಮಾನ್ಯವಾಗಿ ಹಾಗಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗುರುತು ಹಿಡಿಯುವುದು ಸುಲಭ. ಹೂವಿನ ಹಿಂದೆ ಪುಟ್ಟ ಕಾಯಿಯಂಥದ್ದು ಇದ್ದರೆ ಹೆಣ್ಣು, ಬರೀ ತೊಟ್ಟು ಇದ್ದರೆ ಗಂಡು.

ಸಾಮಾನ್ಯವಾಗಿ ಮೊದಲು ಗಂಡು ಹೂ ಬರುತ್ತದೆ, ಕೆಲವು ದಿನ ಬಿಟ್ಟು ಹೆಣ್ಣು. ಹಾಗಾಗಿ ಶುರುವಿನ ಹೂ ಎಲ್ಲ ಉದುರಿದರೆ ಗಾಬರಿ ಬೇಡ, ಅದು ಗಂಡು ಹೂವಿನ ಸಹಜ ಗುಣ. ಆದರೆ ಯೂರಿಯಾ ಜಾಸ್ತಿ ಹಾಕಿದರೆ, ಬಿಸಿಲಿನ ತಾಪ ಹೆಚ್ಚಾದರೆ, ಗಂಡು ಹೂವೇ ಹೆಚ್ಚಾಗಿ ಹೆಣ್ಣು ಹೂ ಕಡಿಮೆಯಾಗುತ್ತದೆ. ಬಳ್ಳಿ ಹಸಿರಾಗಿದೆ, ಕಾಯಿ ಇಲ್ಲ ಅನ್ನುವವರು ಇದನ್ನೂ ಯೋಚಿಸಿ.

ಹಿಂದಿರುವ ಪುಟ್ಟ ಕಾಯಿ ಇನ್ನೂ ಕಾಯಿಯಲ್ಲ

ನಾವು ಹೀಚು ಅಂದುಕೊಳ್ಳುವುದು ನಿಜವಾಗಿ ಹೂವಿನ ಅಂಡಾಶಯ. ಗಂಡು ಹೂವಿನ ಪರಾಗ ಹೆಣ್ಣು ಹೂವಿನ ನಡುವಿನ ಅಂಟಂಟು ತುದಿಗೆ ತಾಗಬೇಕು. ಅಲ್ಲಿಂದ ಪ್ರತಿ ಪರಾಗದ ಕಣ ಒಂದು ಸೂಕ್ಷ್ಮ ನಾಳವಾಗಿ ಒಳಗೆ ಬೆಳೆದು ಅಂಡಾಶಯ ತಲುಪುತ್ತದೆ. ಒಂದು ಬೀಜ ಕಟ್ಟಲು ಒಂದು ಕಣ ಬೇಕು. ಸೌತೆಕಾಯಿಯೊಂದರಲ್ಲಿ ನೂರಾರು ಬೀಜ ಇರುತ್ತವೆ, ಅಂದರೆ ನೂರಾರು ಕಣ ಬೇಕು. ಬೀಜ ಕಟ್ಟಲು ಶುರುವಾದರೆ ಮಾತ್ರ ಬಳ್ಳಿ ಆ ಕಾಯಿಗೆ ಆಹಾರ ಕಳಿಸುತ್ತದೆ. ಇಲ್ಲದಿದ್ದರೆ ಅದನ್ನು ಕೈಬಿಡುತ್ತದೆ. ಅರ್ಧಂಬರ್ಧ ಪರಾಗ ಸಿಕ್ಕರೆ ಕಾಯಿ ಒಂದು ಕಡೆ ದಪ್ಪ, ಒಂದು ಕಡೆ ಸಣಕಲಾಗಿ ಸೊಟ್ಟಗಾಗುತ್ತದೆ.

ಈ ಪರಾಗ ಭಾರ ಮತ್ತು ಅಂಟು. ಮೆಕ್ಕೆಜೋಳದ ಪರಾಗದ ಹಾಗೆ ಗಾಳಿಯಲ್ಲಿ ಹಾರುವುದಿಲ್ಲ, ಯಾರಾದರೂ ಹೊತ್ತು ತರಬೇಕು. ತುಡುವೆ, ಹೆಜ್ಜೇನು, ಕೋಲು ಜೇನು, ಮುಜಂಟಿ ಜೇನು ಮಾಡುವುದು ಈ ಕೆಲಸವನ್ನೇ. ಒಂದು ಹೂವಿಗೆ ಒಂದು ಸಲ ಬಂದರೆ ಸಾಲದು, ಹಲವು ಸಲ ಬರಬೇಕು.

(ಪಾಲಿಹೌಸ್‌ನಲ್ಲಿ ಬೆಳೆಯುವ ಕೆಲವು ಸೌತೆ ತಳಿಗಳು ಪರಾಗ ಇಲ್ಲದೆಯೂ ಕಾಯಿ ಕಟ್ಟುತ್ತವೆ. ನಾನು ಹೇಳುತ್ತಿರುವುದು ಬಯಲಿನ ಬೆಳೆಯ ಬಗ್ಗೆ.)

ಹೂ ಅರಳುವ ಹೊತ್ತು ತಿಳಿದುಕೊಳ್ಳಿ

ನಾನು ಎಡವಿದ್ದು ಇಲ್ಲೇ. ಸೌತೆ, ಕುಂಬಳ, ಹಾಗಲ ಹೂ ಬೆಳಿಗ್ಗೆ ಅರಳುತ್ತವೆ. ಕುಂಬಳದ ಹೂವಂತೂ ಮಧ್ಯಾಹ್ನದೊಳಗೆ ಮುದುಡಿ ಹೋಗುತ್ತದೆ. ಹೆಣ್ಣು ಹೂವಿಗೆ ಸಿಗುವುದು ಆ ಒಂದೇ ಬೆಳಗು. ಜೇನು ಜೋರಾಗಿ ಓಡಾಡುವುದೂ ಅದೇ ಹೊತ್ತು. ನಾನು ಪಂಪು ಹೆಗಲಿಗೇರಿಸಿದ್ದೂ ಅದೇ ಹೊತ್ತು!

ಹೀರೆ, ಸೋರೆ, ಪಡವಲದ ಲೆಕ್ಕ ಬೇರೆ. ಇವು ಸಂಜೆ ಅರಳುತ್ತವೆ. ಸೋರೆ, ಪಡವಲದ ಬಿಳಿ ಹೂವಿಗೆ ರಾತ್ರಿ ಹಾರುವ ಪತಂಗಗಳೂ ಬರುತ್ತವೆ.

ಆದ್ದರಿಂದ ಔಷಧಿ ಹೊಡೆಯಲೇಬೇಕು ಅನ್ನುವ ಪರಿಸ್ಥಿತಿ ಬಂದರೆ, ಸೌತೆ, ಕುಂಬಳ, ಹಾಗಲಕ್ಕೆ ಹೂ ಮುದುಡಿದ ಮೇಲೆ, ಸಂಜೆ ಹೊಡೆಯಿರಿ. ಹೀರೆ, ಸೋರೆ, ಪಡವಲಕ್ಕೆ ಹಿಂದಿನ ಸಂಜೆಯ ಹೂ ಬಾಡಿದ ಮೇಲೆ, ಬಿಸಿಲು ಜೋರಾಗುವ ಮೊದಲು ಮುಗಿಸಿ. ಇನ್ನೊಂದು ಮಾತು: ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಔಷಧಿಗಳು ಗಿಡದ ರಸದ ಜೊತೆ ಸೇರಿ ಮಕರಂದಕ್ಕೂ ಪರಾಗಕ್ಕೂ ಹೋಗುತ್ತವೆ. ಇವನ್ನು ಸಂಜೆ ಹೊಡೆದರೂ ಮರುದಿನ ಬರುವ ಜೇನಿಗೆ ವಿಷವೇ. ಹೂ ಇರುವಾಗ ಇವು ಬೇಡ.

ಹುಳ ಸಿಕ್ಕರೆ?

ನನ್ನ ಆ ಎರಡು ಹೀಚಿನಲ್ಲಿದ್ದದ್ದು ಹಣ್ಣುನೊಣದ ಮರಿಹುಳ. ಊಜಿ ಅಂತಲೂ ಕರೀತಾರೆ. ಹೆಣ್ಣು ನೊಣ ಎಳೆ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟು ಒಸರಿರುತ್ತದೆ. ಮರಿಹುಳ ಒಳಗೆ ತಿಂದು ಬೆಳೆದು, ಕೊನೆಗೆ ಮಣ್ಣಿಗಿಳಿದು ಕೋಶವಾಗುತ್ತದೆ. ಅಲ್ಲಿಂದ ಮತ್ತೆ ನೊಣ ಎದ್ದು ಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಈ ಸುತ್ತು ಸುಮಾರು ಎರಡು-ಮೂರು ವಾರದಲ್ಲಿ ಮುಗಿಯುತ್ತದೆ.

ಒಮ್ಮೆ ಒಳಗೆ ಸೇರಿದ ಹುಳಕ್ಕೆ ಮೇಲಿನಿಂದ ಹೊಡೆದ ಔಷಧಿ ಅಷ್ಟಾಗಿ ತಾಗುವುದಿಲ್ಲ. ಅದರ ಸುತ್ತನ್ನು ಕಡಿಯಬೇಕು. ಬಿದ್ದ ಕಾಯಿಗಳನ್ನು ದಿನಾ ಆರಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗಿಡಿ. ತಿಪ್ಪೆಗೆ ಎಸೆದರೆ ನಾವೇ ನೊಣ ಸಾಕಿದ ಹಾಗೆ. ಜೊತೆಗೆ ಮೋಹಕ ಬಲೆ ಕಟ್ಟಿ. ಕೊಳ್ಳುವಾಗ ಗಮನಿಸಿ: ಬಳ್ಳಿ ತರಕಾರಿಯ ನೊಣಕ್ಕೆ ಬೇಕಾದದ್ದು ಕ್ಯೂಲೂರ್. ಮಾವಿನ ತೋಟಕ್ಕೆ ಕೊಡುವ ಮೀಥೈಲ್ ಯೂಜಿನಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಆದ್ದರಿಂದ ಬಲೆಯೊಂದನ್ನೇ ನಂಬಿ ಕಾಯಿ ಆರಿಸುವುದನ್ನು ಬಿಡಬೇಡಿ.

ಆರು ಹೂವಿನ ಪ್ರಯೋಗ

ಶಾಲೆಯ ಕೈತೋಟದಲ್ಲಿ ಮಕ್ಕಳೂ ಮಾಡಬಹುದು. ಕುಂಬಳದ ಹೂ ದೊಡ್ಡದು, ಕಲಿಯಲು ಸುಲಭ.

1. ನಾಳೆ ಅರಳುವಂತಿರುವ ಆರು ಹೆಣ್ಣು ಮೊಗ್ಗುಗಳನ್ನು ಇಂದು ಸಂಜೆ ಗುರುತಿಸಿ, ನಂಬರ್ ಚೀಟಿ ಕಟ್ಟಿ.
2. ನಾಲ್ಕಕ್ಕೆ ತೆಳು ಬಟ್ಟೆ ಚೀಲ ಕಟ್ಟಿ. ಒಂದೆರಡು ಗಂಡು ಮೊಗ್ಗಿಗೂ ಕಟ್ಟಿ. ಉಳಿದ ಎರಡು ಹೆಣ್ಣು ಮೊಗ್ಗನ್ನು ಹಾಗೇ ಬಿಡಿ.
3. ಬೆಳಿಗ್ಗೆ ಬೇಗ ಗಂಡು ಹೂ ಕಿತ್ತು, ದಳ ತೆಗೆದು, ಅದರ ಪರಾಗವನ್ನು ಚೀಲದೊಳಗಿನ ಎರಡು ಹೆಣ್ಣು ಹೂವಿನ ನಡುಭಾಗಕ್ಕೆ ಮೆತ್ತಗೆ ಸವರಿ. ಚೀಲ ಮತ್ತೆ ಕಟ್ಟಿ.
4. ಹೂ ಮುದುಡಿದ ಮೇಲೆ ಚೀಲ ಬಿಚ್ಚಿ. ಒಂದು ವಾರ ದಿನಾ ಒಂದು ಫೋಟೊ ತೆಗೆಯಿರಿ.

ಪರಾಗ ಸಿಗದ ಎರಡು ಹಳದಿಯಾಗಿ ಉದುರುತ್ತವೆ. ಸವರಿದವು ನಿಂತು, ಹಾಗೇ ಬಿಟ್ಟವು ಉದುರಿದರೆ ನಿಮ್ಮಲ್ಲಿ ಜೇನಿನ ಕೊರತೆ ಇದೆ ಅಂತ ಅರ್ಥ. ಸವರಿದವೂ ಉದುರಿದರೆ ನೀರು, ಗೊಬ್ಬರ, ರೋಗದ ಕಡೆ ನೋಡಿ. ಬಳ್ಳಿ ಮೇಲೆ ಕಾಯಿ ಹೊರೆ ಹೆಚ್ಚಾದರೂ ಅದೇ ಕೆಲವನ್ನು ಉದುರಿಸುತ್ತದೆ.

ಈಗ ನಾನು ಮಾಡುವುದು

ಬೆಳಿಗ್ಗೆ ಹೊಲಕ್ಕೆ ಹೋದರೆ ಹತ್ತು ನಿಮಿಷ ಒಂದು ಕಡೆ ನಿಂತು ಎಷ್ಟು ಜೇನು ಬಂತು ಅಂತ ಎಣಿಸಿ ಮೊಬೈಲಿನಲ್ಲಿ ಬರೆದಿಡುತ್ತೇನೆ. ಬದುವಿನ ಮೇಲೆ ತುಳಸಿ, ಸೂರ್ಯಕಾಂತಿ ಹಾಕಿದ್ದೇನೆ. ಹೀಚು ಉದುರಿದರೆ ಫೋಟೊಗಿಂತ ಮೊದಲು ಬ್ಲೇಡ್. ಗ್ರೂಪಿಗೆ ಹಾಕುವುದಾದರೂ ಸೀಳಿದ ಹೀಚಿನ ಫೋಟೊ ಹಾಕುತ್ತೇನೆ. ಆಗ ಬರುವ ಉತ್ತರವೂ ಬೇರೆಯೇ ಇರುತ್ತದೆ.

ಹೋದ ವರ್ಷ ಇದನ್ನು ಕಲಿಯುವ ಹೊತ್ತಿಗೆ ಎರಡು ಕೊಯ್ಲು ಕೈತಪ್ಪಿ ಹೋಗಿದ್ದವು, ಔಷಧಿಯ ಖರ್ಚು ಬೇರೆ. ನಿಮಗೆ ಅದು ಬೇಡ. ನಾಳೆ ಬೆಳಿಗ್ಗೆ ಹತ್ತು ಹೀಚು ಸೀಳಿ ನೋಡಿ, ಆಮೇಲೆ ಅಂಗಡಿಗೆ ಹೋಗುವ ಯೋಚನೆ ಮಾಡಿ.