ನಿಮಗಿದು ಗೊತ್ತೇ? ಡಂಬಲ್‌ಡೋರ್ ಎಂಬುದು ಒಂದು ಹುಳದ ಹೆಸರು!

ಹ್ಯಾರಿ ಪಾಟರ್ ಓದಿದ ಮಕ್ಕಳಿಗೆಲ್ಲ ಡಂಬಲ್‌ಡೋರ್ ಎಂದರೆ ಹಾಗ್‌ವಾರ್ಟ್ಸ್ ಮಾಂತ್ರಿಕ ಶಾಲೆಯ ಮುಖ್ಯೋಪಾಧ್ಯಾಯರು, ಉದ್ದ ಬಿಳಿಗಡ್ಡದ ಅಜ್ಜ. ಆ ಅಜ್ಜ ಪುಸ್ತಕದಲ್ಲಿ ಕಾಣಿಸಿಕೊಂಡದ್ದು 1997ರಲ್ಲಿ. ಅದಕ್ಕೂ ಇನ್ನೂರು ವರ್ಷ ಮೊದಲೇ ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳ ಹಿತ್ತಿಲಲ್ಲಿ ಡಂಬಲ್‌ಡೋರ್‌ಗಳು ಹೂವಿಂದ ಹೂವಿಗೆ ಹಾರುತ್ತಿದ್ದವು. ಮೈತುಂಬ ರೋಮ, ಹಳದಿ-ಕಪ್ಪು ಪಟ್ಟೆ ಇರುವ ಬಂಬಲ್‌ಬೀ ಎಂಬ ದಪ್ಪ ಜೇನುಹುಳಕ್ಕೆ ಅಲ್ಲಿನ ಹಳ್ಳಿಗರು ಇಟ್ಟ ಹೆಸರು ಅದು.

ಈ ಪದ ಅಚ್ಚಾದದ್ದು 1787ರಲ್ಲಿ, ಫ್ರಾನ್ಸಿಸ್ ಗ್ರೋಸ್ ಎಂಬ ವಿದ್ವಾಂಸರ ಪ್ರಾಂತೀಯ ಪದಕೋಶದಲ್ಲಿ. ಅದಕ್ಕೆ ಎರಡೇ ವರ್ಷ ಮೊದಲು, 1785ರಲ್ಲಿ, ಲಂಡನ್ನಿನ ಬೀದಿಮಾತುಗಳಿಗೂ ಕಳ್ಳರ ಗುಪ್ತಭಾಷೆಗೂ ಅವರು ಒಂದು ನಿಘಂಟು ಮಾಡಿದ್ದರು. ಪಂಡಿತರು ಮೂಗು ಮುರಿಯುತ್ತಿದ್ದ ಮಾತನ್ನೇ ಗ್ರೋಸ್ ಆರಿಸಿ ಆರಿಸಿ ಬರೆದಿಟ್ಟರು. ಅಂಥವರಿಲ್ಲದಿದ್ದರೆ ಇಂಥ ಎಷ್ಟೋ ಪದಗಳು ಆಡಿದವರ ಜೊತೆಗೇ ಮಣ್ಣಾಗುತ್ತಿದ್ದವು.

ಪದವನ್ನು ಬಿಡಿಸಿದರೆ ಎರಡು ತುಂಡು. ಬಾಲದಲ್ಲಿರುವ ‘ಡೋರ್’ ಸಾವಿರ ವರ್ಷಕ್ಕೂ ಹಳೆಯದು. ಪ್ರಾಚೀನ ಇಂಗ್ಲಿಷಿನಲ್ಲಿ ‘ಡೋರಾ’ ಎಂದರೇ ಬಂಬಲ್‌ಬೀ. ಆಮೇಲೆ ಗುಂಯ್ ಎನ್ನುವ ಹುಳಗಳಿಗೆಲ್ಲ ಅದೇ ಹೆಸರಾಯಿತು. ಸಗಣಿಯ ಕೆಳಗೆ ನೆಲದಲ್ಲಿ ಬಿಲ ತೋಡುವ ಒಂದು ಜೀರುಂಡೆ ಇವತ್ತಿಗೂ ಅಲ್ಲಿ ‘ಡೋರ್ ಬೀಟಲ್’. ಮುಂದಿನ ‘ಡಂಬಲ್’ ಬರಿಯ ಸದ್ದು, ‘ಬಂಬಲ್’ ಇದ್ದ ಹಾಗೆ. ಡೆವನ್ ಕಡೆಯವರು ಇನ್ನಷ್ಟು ಉಕ್ಕಿಸಿ ‘ಡ್ರಂಬಲ್‌ಡ್ರೇನ್’ ಎನ್ನುತ್ತಿದ್ದರು. ಕೆಲವು ಊರುಗಳಲ್ಲಿ ಡಂಬಲ್‌ಡೋರ್ ಎಂದರೆ ಮುಸ್ಸಂಜೆ ಹೊತ್ತು ಗುಂಯ್‌ಗುಡುತ್ತ ಬರುವ ದೊಡ್ಡ ಕಂದು ಜೀರುಂಡೆ. ಹುಳ ಯಾವುದಾದರೂ ಇರಲಿ, ಹೆಸರು ಹುಟ್ಟಿದ್ದು ಕಿವಿಯಲ್ಲಿ.

ವಿಜ್ಞಾನಿಗಳೂ ಕಿವಿಯನ್ನೇ ನಂಬಿದರು. ಫ್ರಾನ್ಸಿನ ಲಾತ್ರೇಯ್ 1802ರಲ್ಲಿ ಈ ಕುಲಕ್ಕೆ ಇಟ್ಟ ಹೆಸರು ‘ಬಾಂಬಸ್’. ಗ್ರೀಕಿನಿಂದ ಲ್ಯಾಟಿನ್‌ಗೆ ಬಂದ ಆ ಪದಕ್ಕೂ ಗುಂಯ್‌ಗುಡುವ ಸದ್ದು ಎಂದೇ ಅರ್ಥ.

ಕನ್ನಡದ ಕಿವಿಗೆ ಇಲ್ಲಿ ‘ದುಂಬಿ’ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೆ ನೆಂಟಸ್ತನವಿಲ್ಲ. ನಮ್ಮ ದುಂಬಿ ತಮಿಳಿನ ‘ತುಂಬಿ’ಯ ಒಡಹುಟ್ಟು, ಅಪ್ಪಟ ದ್ರಾವಿಡ ಪದ. ಹುಳವೂ ಬೇರೆ. ನಮ್ಮ ಊರುಗಳಲ್ಲಿ ತೊಲೆ, ಬಿದಿರು ಕೊರೆದು ಗೂಡು ಮಾಡುವ ಕರಿದುಂಬಿ ಬಡಗಿ ಜೇನಿನ ಜಾತಿಯದು. ಬಂಬಲ್‌ಬೀ ತಂಪು ಸೀಮೆಯ ಜೀವ. ಭಾರತದಲ್ಲಿ ಅದನ್ನು ನೋಡಲು ಹಿಮಾಲಯದ ಕಡೆಗೇ ಹೋಗಬೇಕು.

ಈ ಪದ ಸಾಹಿತ್ಯಕ್ಕೂ ಹಾರಿತು. 1872ರಲ್ಲಿ ಬಂದ ಥಾಮಸ್ ಹಾರ್ಡಿಯವರ ‘ಅಂಡರ್ ದ ಗ್ರೀನ್‌ವುಡ್ ಟ್ರೀ’ ಕಾದಂಬರಿಯಲ್ಲಿ ಡಂಬಲ್‌ಡೋರ್ ಒಂದು ಬೈಗುಳ! ಹಳ್ಳಿ ಚರ್ಚಿನಲ್ಲಿ ತಲೆಮಾರುಗಳಿಂದ ಪಿಟೀಲು ನುಡಿಸುತ್ತ ಬಂದ ಮೇಳದವರಿಗೆ ಹಾರ್ಮೋನಿಯಂ ಕಂಡರೆ ಆಗದು. ಅದನ್ನು ಏನೆಂದು ಕರೆದು ಹೀನಾಯ ಮಾಡಬೇಕೆಂದು ತಡಕಾಡಿದ ಮೇಲೆ ಸಿಗುವ ಪದ ಇದು. ಇಡೀ ಮೇಳ ಹೌದೌದು ಎನ್ನುತ್ತದೆ.

ಅದೇ ಹಾರ್ಡಿ 1886ರಲ್ಲಿ ಬರೆದ ‘ದ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ನಲ್ಲಿ ಈ ಪದದ ಕತೆ ಕರುಳು ಹಿಂಡುತ್ತದೆ. ಹೆಂಚರ್ಡ್ ಒಂದು ಕಾಲದಲ್ಲಿ ಹುಲ್ಲಿನ ಹೊರೆ ಕಟ್ಟುತ್ತಿದ್ದ ಕೂಲಿಯವನು, ಈಗ ಊರಿಗೆ ಮೇಯರ್. ಮನೆಯ ಹುಡುಗಿ ಎಲಿಜಬೆತ್ ಜೇನ್ ಬಾಯಲ್ಲಿ ಒಂದು ಹಳ್ಳಿಮಾತು ಬಂದರೂ ಅವನು ಕೆರಳುತ್ತಾನೆ. ಪಾಪದ ಹುಡುಗಿ ಒಂದೊಂದಾಗಿ ತನ್ನ ಪದಗಳನ್ನು ಕೈಬಿಡುತ್ತಾಳೆ. ಡಂಬಲ್‌ಡೋರ್ ಹೋಗಿ ಶಿಷ್ಟ ಇಂಗ್ಲಿಷಿನ ‘ಹಂಬಲ್‌ಬೀ’ ಆಯಿತು. ವಸಂತದಲ್ಲಿ ಕಾಡಿನ ನೆಲಕ್ಕೆ ನೀಲಿ ಹಾಸುವ ‘ಗ್ರೆಗಲ್ಸ್’ ಹೂವು ‘ಕಾಡು ಹೈಯಸಿಂತ್’ ಆಯಿತು. ರಾತ್ರಿ ನಿದ್ದೆ ಕೆಟ್ಟರೆ ಮೊದಲು ‘ಹ್ಯಾಗ್‌ರಿಡ್’ ಆದೆ ಎನ್ನುತ್ತಿದ್ದಳು, ಅಂದರೆ ಮಾಟಗಾತಿ ಮೈಮೇಲೆ ಸವಾರಿ ಮಾಡಿದಳು ಎಂದು. ಈಗ ಅಜೀರ್ಣವಾಗಿತ್ತು ಎನ್ನತೊಡಗಿದಳು.

ಗಮನಿಸಿದಿರಾ? ಡಂಬಲ್‌ಡೋರ್, ಹ್ಯಾಗ್ರಿಡ್! ಹಾಗ್‌ವಾರ್ಟ್ಸಿನ ಮುಖ್ಯೋಪಾಧ್ಯಾಯರ ಹೆಸರೂ ಅಲ್ಲಿ ಕಾಡುಮೃಗಗಳನ್ನು ಮಕ್ಕಳಂತೆ ಸಾಕುವ ದೈತ್ಯನ ಹೆಸರೂ ಹಾರ್ಡಿಯ ಒಂದೇ ಪ್ಯಾರಾದಲ್ಲಿ ಅಕ್ಕಪಕ್ಕ ಕೂತಿವೆ. ನಾಲ್ಕು ಜನರ ಮುಂದೆ ಆಡಲು ನಾಚಬೇಕು ಎಂದು ಒಬ್ಬ ಹುಡುಗಿಯಿಂದ ಬಿಡಿಸಿದ ಈ ಎರಡು ಮಾತುಗಳನ್ನು ನೂರು ವರ್ಷ ಕಳೆದ ಮೇಲೆ ಲೋಕದ ಮಕ್ಕಳೆಲ್ಲ ಸಂಭ್ರಮದಿಂದ ಆಡಿದರು. ಈ ಪದದ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿಲ್ಲ.

ಜೆ.ಕೆ. ರೌಲಿಂಗ್ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ನೈಋತ್ಯದ ಗ್ಲಾಸ್ಟರ್‌ಷೈರ್ ಕಡೆ. ಕಾಲೇಜು ಓದಿದ್ದು ಡೆವನ್ ಸೀಮೆಯ ಎಕ್ಸೆಟರ್‌ನಲ್ಲಿ. ಮುಖ್ಯೋಪಾಧ್ಯಾಯರಿಗೆ ಸಂಗೀತವೆಂದರೆ ಪ್ರಾಣ, ಸದಾ ಏನನ್ನಾದರೂ ಗುನುಗುತ್ತ ಓಡಾಡುವವರೆಂದು ಊಹಿಸಿಕೊಂಡೆ, ಅದಕ್ಕೇ ಈ ಹೆಸರು ಎಂದು ಅವರೇ ಹೇಳಿದ್ದಾರೆ.

ಇಟಲಿಯ ಮಕ್ಕಳಿಗೆ ಈ ಗುನುಗು ಕೇಳಿಸಲೇ ಇಲ್ಲ. ‘ಡಂಬ್’ ಎಂದರೆ ಮೂಕ ಎಂದು ಹಿಡಿದು ಅಲ್ಲಿನ ಅನುವಾದದಲ್ಲಿ ಅವರನ್ನು ‘ಸಿಲೆಂತೆ’, ಅಂದರೆ ಮೌನಿ, ಮಾಡಿದರು. ನಾರ್ವೆಯವರು ಮಾತ್ರ ಮೂಲಕ್ಕೇ ಕೈಹಾಕಿದರು. ಅವರ ಭಾಷೆಯಲ್ಲಿ ಬಂಬಲ್‌ಬೀಗೆ ‘ಹುಮ್ಲೆ’. ಅಲ್ಲಿ ಅಜ್ಜನ ಹೆಸರು ‘ಹುಮ್ಲೆಸ್ನುರ್’. ಇದು ನಿಜವಾದ ಅನುವಾದ.

ರೌಲಿಂಗ್‌ಗೂ ಮೊದಲೇ ಇನ್ನೊಬ್ಬ ಮಾಂತ್ರಿಕ ಕತೆಗಾರರು ಈ ಪದಕ್ಕೆ ಮನಸೋತಿದ್ದರು. 1933ರಲ್ಲಿ ಆಕ್ಸ್‌ಫರ್ಡಿನ ಪತ್ರಿಕೆಯೊಂದರಲ್ಲಿ ಬಂದ ಜೆ.ಆರ್.ಆರ್. ಟೋಲ್ಕಿನ್ ಅವರ ‘ಎರಂಟ್ರಿ’ ಕವನದ ಅಲೆಮಾರಿ ವೀರ ಡಂಬಲ್‌ಡೋರ್‌ಗಳೊಡನೆ ಯುದ್ಧ ಮಾಡುತ್ತಾನೆ.

ಟೋಲ್ಕಿನ್‌ಗೆ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳಿದ ಗುರುಗಳಲ್ಲಿ ಒಬ್ಬರು ಜೋಸೆಫ್ ರೈಟ್. ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹುಟ್ಟಿದ್ದು 1855ರಲ್ಲಿ, ಯಾರ್ಕ್‌ಷೈರಿನ ಬಡ ಕುಟುಂಬದಲ್ಲಿ. ಆರನೇ ವಯಸ್ಸಿಗೇ ಕಲ್ಲುಕ್ವಾರಿಯಲ್ಲಿ ಕತ್ತೆಗಾಡಿ ಹೊಡೆಯುವ ಕೆಲಸ, ಆಮೇಲೆ ನೂಲಿನ ಮಿಲ್ಲು. ಹದಿನೈದು ವರ್ಷವಾದರೂ ಅಕ್ಷರ ಬಾರದು. ತಾನಾಗಿ ಓದಲು ಕಲಿತು, ಕೂಲಿಯಲ್ಲಿ ಉಳಿಸಿದ ಕಾಸು ಹಿಡಿದು ಜರ್ಮನಿಗೆ ಹೋಗಿ, 1885ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಡಾಕ್ಟರೇಟ್ ಪಡೆದರು. ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್ ಕೂತಿದ್ದ ಆಕ್ಸ್‌ಫರ್ಡಿನ ಪೀಠಕ್ಕೆ 1901ರಲ್ಲಿ ಬಂದವರು ಇವರೇ. 1898ರಿಂದ 1905ರ ನಡುವೆ ಆರು ಸಂಪುಟಗಳಲ್ಲಿ ಇಂಗ್ಲಿಷ್ ಉಪಭಾಷೆಗಳ ಮಹಾಕೋಶವನ್ನು ಹೊರತಂದರು. ತಾವು ಮನೆಯಲ್ಲಿ ಆಡಿ ಬೆಳೆದ ವಿಂಡ್‌ಹಿಲ್ ಊರಿನ ಮಾತಿಗೆ 1892ರಲ್ಲೇ ಒಂದು ಇಡೀ ವ್ಯಾಕರಣ ಬರೆದಿದ್ದರು. ನಮ್ಮಲ್ಲಿ ಒಂದೊಂದು ತಾಲ್ಲೂಕಿಗೂ ಇಂಥ ಒಬ್ಬರು ಬೇಕಾಗಿತ್ತು.

‘ಹಂಬಲ್‌ಬೀ’ಯಲ್ಲಿ ‘ಹಂಬಲ್’ ಎಂಬ ಇಂಗ್ಲಿಷ್ ಪದದ ವಿನಯವೇನೂ ಇಲ್ಲ, ಅದೂ ‘ಹಂ’ ಎನ್ನುವ ಸದ್ದೇ. ಇಪ್ಪತ್ತನೇ ಶತಮಾನದವರೆಗೂ ವಿದ್ವಾಂಸರು ಆಡುತ್ತಿದ್ದದ್ದು ಆ ಪದವನ್ನೇ. 1912ರಲ್ಲಿ ಸ್ಲೇಡನ್ ಬರೆದ ಹೆಸರಾಂತ ಪುಸ್ತಕಕ್ಕೆ ಹೆಸರು ‘ದ ಹಂಬಲ್‌ಬೀ’. ಇವತ್ತು ಅದೂ ಸವೆದುಹೋಗಿ ‘ಬಂಬಲ್‌ಬೀ’ ಒಂದೇ ಉಳಿದಿದೆ. ಶಿಷ್ಟ ಎಂದು ಹೆಂಚರ್ಡ್ ಮನೆಯಲ್ಲಿ ಕಲಿತ ಪದ ಮೂಲೆ ಸೇರಿತು!

ಡಾರ್ವಿನ್ ಕೂಡ ಹಂಬಲ್‌ಬೀ ಎಂದೇ ಬರೆದರು. 1859ರ ಗ್ರಂಥದಲ್ಲಿ ಅವರು ಕೊಟ್ಟ ಲೆಕ್ಕ ಇದು: ಕೆಂಪು ಕ್ಲೋವರ್ ಎಂಬ ಮೇವಿನ ಗಿಡ ಬೀಜ ಕಟ್ಟಲು ಹಂಬಲ್‌ಬೀ ಬೇಕು. ಅದರ ಗೂಡನ್ನು ಇಲಿ ಹಾಳುಮಾಡುತ್ತದೆ. ಇಲಿಯನ್ನು ಬೆಕ್ಕು ಹಿಡಿಯುತ್ತದೆ. ಹಾಗಾಗಿ ಬೆಕ್ಕು ಹೆಚ್ಚಿರುವ ಊರಿನ ಸುತ್ತ ಆ ಹೂವೂ ಹೆಚ್ಚಿರಬಹುದು.

ನ್ಯೂಜಿಲೆಂಡಿಗೆ ವಲಸೆ ಹೋದ ಬ್ರಿಟಿಷ್ ರೈತರಿಗೆ ಈ ಸತ್ಯ ಅನುಭವದಿಂದಲೇ ತಿಳಿಯಿತು. ದನಕರುಗಳಿಗೆಂದು ಕ್ಲೋವರ್ ಬಿತ್ತಿದರು, ಹೂವಾಯಿತು, ಬೀಜ ಕಟ್ಟಲಿಲ್ಲ. ಆ ಹೂವಿನ ಕೊಳವೆ ಉದ್ದ, ಸಾಮಾನ್ಯ ಜೇನುಹುಳದ ನಾಲಗೆ ಗಿಡ್ಡ. ಕೊನೆಗೆ 1885ರಲ್ಲಿ ಇಂಗ್ಲೆಂಡಿನಿಂದ ಬಂಬಲ್‌ಬೀ ರಾಣಿಹುಳಗಳನ್ನು ಹಡಗಿನ ಶೀತಲ ಕೋಣೆಯಲ್ಲಿ ನಿದ್ದೆ ಮಾಡಿಸಿಕೊಂಡೇ ತಂದರು. ದಾರಿಯಲ್ಲಿ ಬಹಳಷ್ಟು ಸತ್ತವು. ಬದುಕಿದವು ಕ್ಯಾಂಟರ್‌ಬರಿ ಬಯಲಲ್ಲಿ ಸಂಸಾರ ಹೂಡಿದವು. ಕೊನೆಗೆ ನಾಲ್ಕು ಜಾತಿಗಳು ಆ ದೇಶದಲ್ಲಿ ಬೇರೂರಿದವು.

ಬಂಬಲ್‌ಬೀಯ ನೆರವು ಕ್ಲೋವರ್‌ಗೆ ಮಾತ್ರವಲ್ಲ. ಟೊಮೆಟೊ ಹೂವಿನ ಪರಾಗ ಉಪ್ಪಿನ ಡಬ್ಬಿಯಂಥ ಕೋಶದೊಳಗಿರುತ್ತದೆ, ಅಲುಗಿಸದೆ ಉದುರದು. ಬಂಬಲ್‌ಬೀ ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಬಡಿಯದೆ, ಹಾರುವ ಸ್ನಾಯುಗಳನ್ನಷ್ಟೇ ನಡುಗಿಸಿ ಅದನ್ನು ಉದುರಿಸುತ್ತದೆ. ಹೆಸರು ಕೊಟ್ಟ ಗುಂಯ್‌ಗಾರವೇ ಅದರ ದುಡಿಮೆಯ ಉಪಕರಣ. 1980ರ ದಶಕದ ಕೊನೆಯಿಂದ ಯುರೋಪಿನ ಗಾಜುಮನೆಗಳ ಟೊಮೆಟೊಗೆಂದೇ ಇವುಗಳನ್ನು ಪೆಟ್ಟಿಗೆಯಲ್ಲಿ ಸಾಕಿ ಮಾರುತ್ತಾರೆ. ನಮ್ಮ ಬದನೆ ಹೂವಿನಲ್ಲಿ ಇದೇ ಕೆಲಸವನ್ನು ಕರಿದುಂಬಿ ಮಾಡುತ್ತದೆ, ನೋಡಿ.

ಆ ನಡುಕಕ್ಕೆ ಇನ್ನೊಂದು ಉಪಯೋಗವೂ ಇದೆ. ಜೇನುಹುಳ ಗೂಡು ಬಿಡದ ಚಳಿಯಲ್ಲೂ ಬಂಬಲ್‌ಬೀ ಹೊರಡುತ್ತದೆ. ಹಾರುವ ಮೊದಲು ಮೈ ನಡುಗಿಸಿ ಎದೆಭಾಗವನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಕೊಳ್ಳುತ್ತದೆ.

ನ್ಯೂಜಿಲೆಂಡಿಗೆ ಹೋದ ನಾಲ್ಕರಲ್ಲಿ ಒಂದು, ಗಿಡ್ಡ ರೋಮದ ಬಂಬಲ್‌ಬೀ, ತವರಿನಲ್ಲಿ ಕೊನೆಯದಾಗಿ ಕಂಡದ್ದು 1988ರಲ್ಲಿ, ಕೆಂಟ್ ಕರಾವಳಿಯ ಡಂಜನೆಸ್‌ನಲ್ಲಿ. 2000ದಲ್ಲಿ ಅದು ಬ್ರಿಟನ್ನಿನಿಂದ ಅಳಿಯಿತೆಂದು ಸಾರಿದರು. ಹೂಬಿಡುವ ಹುಲ್ಲುಗಾವಲುಗಳನ್ನು ಉತ್ತು ಹೊಲ ಮಾಡಿದ್ದೇ ಮುಖ್ಯ ಕಾರಣ. ನ್ಯೂಜಿಲೆಂಡಿನಿಂದ ಮರಳಿ ತರುವ ಯತ್ನ ಫಲಿಸಲಿಲ್ಲ. 2012ರಲ್ಲಿ ಸ್ವೀಡನ್ನಿನ ರಾಣಿಹುಳಗಳನ್ನು ತಂದು ಡಂಜನೆಸ್‌ನಲ್ಲೇ ಬಿಟ್ಟರು, ಅವೂ ನೆಲೆಯೂರಲಿಲ್ಲ. ಆದರೆ ಅವುಗಳಿಗೆಂದು ಸುತ್ತಲಿನ ರೈತರು ಹೊಲದಂಚಿನಲ್ಲಿ ಕ್ಲೋವರ್ ಮತ್ತು ಕಾಡುಹೂಗಳನ್ನು ಬೆಳೆಸಿದ್ದರು. ಅದನ್ನು ಹುಡುಕಿಕೊಂಡು, ಆ ಸೀಮೆ ಬಿಟ್ಟುಹೋಗಿದ್ದ ಬೇರೆ ಅಪರೂಪದ ಬಂಬಲ್‌ಬೀ ಜಾತಿಗಳು ವಾಪಸು ಬಂದವು.