ಗಾಜಿನ ಅಂಚು

ಗಾಜು ಕೊಯ್ಯುವ ಕೈಚಳಕವನ್ನು ನಾನು ಮೊದಲು ಕಂಡದ್ದು ಪಟಗಳಿಗೆ ಕಟ್ಟು ಹಾಕುವ ಅಂಗಡಿಯೊಂದರಲ್ಲಿ. ವಯೋವೃದ್ಧರಾದ ಅಂಗಡಿಯವರು ವಜ್ರದ ಮೊನೆಯಿಂದ ಒಂದೇ ಗೀರು ಎಳೆದು, ಗಾಜನ್ನು ಮೇಜಿನಂಚಿಗೆ ಸರಿಸಿ ಮೆಲ್ಲನೆ ಒತ್ತುವರು. 'ಟಕ್' ಎಂದು ಅದು ಎರಡಾಗುವುದು. ಅವರು ಬಿರುಕೊಂದನ್ನು ಹುಟ್ಟಿಸಿ ಅದಕ್ಕೆ ದಾರಿ ತೋರುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆ ಗೀರಿನ ಋಣ ಅಂಚಿನಲ್ಲಿ ಉಳಿಯುತ್ತದೆ. ಗಾಜು ಇಷ್ಟು ಸುಲಭವಾಗಿ ಒಡೆಯುವುದೇಕೆಂಬುದನ್ನು ಇಂಗ್ಲೆಂಡಿನ ಗ್ರಿಫಿತ್ 1921ರಲ್ಲಿ ವಿವರಿಸಿದರು: ಕಣ್ಣಿಗೆ ಕಾಣದ ಸೀಳುಗಳ ತುದಿಯಲ್ಲಿ ಸೆಳೆತವೆಲ್ಲ ಗುಂಪುಗೂಡುತ್ತದೆ. ಪಟದ ಗಾಜಿಗಾದರೆ ಕಟ್ಟಿನ ಆಸರೆಯುಂಟು. ಫೋನಿನ ಗಾಜು ಒಂದು ಮಿಲಿಮೀಟರಿಗಿಂತ ತೆಳು. ದಿನವೂ ಕೈಯಿಂದ ಕೈಗೆ, ಜೇಬಿನಿಂದ ಮೇಜಿಗೆ ಅಲೆಯುವಂಥದು. ಕಳೆದ ವರ್ಷ ಕೈಜಾರಿದ ನನ್ನ ಫೋನಿನಲ್ಲಿಯೂ ಬಿರುಕು ಹೊರಟದ್ದು ಮೂಲೆಯ ಅಂಚಿನಿಂದಲೇ.

ಇಂಥ ಗಾಜನ್ನು ಕಾರ್ಖಾನೆಗಳಲ್ಲಿ ಲೇಸರ್ ಬೆಳಕಿನಿಂದ ಕೊಯ್ಯುತ್ತಾರೆಂದು ಕೇಳಿದಾಗ ನಾನು ನಂಬಲಿಲ್ಲ. ಬೆಳಕು ಒಳಗೆ ಬರಲೆಂದೇ ಅಲ್ಲವೇ ಕಿಟಕಿಗೆ ಗಾಜು ಹಾಕಿಸುವುದು? ತಡೆಯಿಲ್ಲದೆ ಹಾದುಹೋಗುವ ಬೆಳಕು ಅದನ್ನು ಸೀಳುವುದೆಂತು?

ಗುಟ್ಟಿರುವುದು ಕಾಲದಲ್ಲಿ. ಬೆಳಕನ್ನು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಕಿರಿದಾದ ಮಿಡಿತಗಳಾಗಿ ಒತ್ತರಿಸಿ ಸೂಕ್ಷ್ಮವಾದ ಎಡೆಯಲ್ಲಿ ಕೂಡಿಸಿದರೆ, ಒಂದೊಂದಾಗಿ ಬಂದಾಗ ಹಾಯಬಿಡುತ್ತಿದ್ದ ಬೆಳಕಿನ ಕಣಗಳನ್ನು ಗಾಜು ಹಲವನ್ನು ಒಮ್ಮೆಗೇ ನುಂಗುತ್ತದೆ. ಕಾವು ಸುತ್ತ ಹರಡುವ ಮುನ್ನ ಆ ಎಡೆಯಲ್ಲಿ ಅದರ ಕಟ್ಟು ಸಡಿಲುತ್ತದೆ. ಅತಿ ಕಿರಿದಾದ ಮಿಡಿತಗಳಿಗೆ ಬಲ ತುಂಬುವ ಒಂದು ಉಪಾಯವನ್ನು ಅಮೆರಿಕದ ರಾಚೆಸ್ಟರಿನಲ್ಲಿ ಡಾನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ ಮೂರೂ 1985ರಲ್ಲಿ ಪ್ರಕಟಿಸಿದರು: ಮಿಡಿತವನ್ನು ಮೊದಲು ಹಿಗ್ಗಿಸಿ, ಬೆಳೆಸಿ, ಮತ್ತೆ ಕುಗ್ಗಿಸುವುದು. ಅದಕ್ಕೆ ನೊಬೆಲ್ ಬಹುಮಾನ ಬಂದದ್ದು 2018ರಲ್ಲಿ. ಮೂವತ್ತಮೂರು ವರ್ಷ ಕಾಯಿಸಿದ ಕ್ಷಣಾರ್ಧದ ವಿದ್ಯೆ!

ಕೊಯ್ಯುವಾಗ, ಕಿರಣಗಳು ಕೂಡುವ ಎಡೆಯನ್ನು ಸೂಜಿಯಂತೆ ನೀಳಗೊಳಿಸುತ್ತಾರೆ. ಅದು ಗಾಜಿನ ದಪ್ಪವನ್ನೆಲ್ಲ ತೂರಿ, ಅಂಚೆಚೀಟಿಗಳ ಹಾಳೆಯಲ್ಲಿರುವಂತೆ, ಸಣ್ಣ ರಂಧ್ರಗಳ ಸಾಲನ್ನು ಹೊಲಿದುಕೊಂಡು ಹೋಗುತ್ತದೆ. ಮತ್ತೊಂದು ಲೇಸರಿನ ಕಾವನ್ನು ಆ ಸಾಲಿನ ಮೇಲೆ ಹಾಯಿಸಿದರೆ ದುಂಡುಮೂಲೆಯ ಫಲಕ ಬೇರ್ಪಡುತ್ತದೆ. ಪುಡಿ ಉದುರುವುದು ಅತ್ಯಲ್ಪ.

ಆಮೇಲೆ ಅದಕ್ಕೆ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮೀಯಿಸುವ ಸಂಸ್ಕಾರವೂ ಉಂಟು. ಗಾಜಿನೊಳಗಿನ ಸೋಡಿಯಂ ಹೊರಬಿದ್ದು, ಅದಕ್ಕಿಂತ ದಪ್ಪನೆಯ ಪೊಟ್ಯಾಸಿಯಂ ಆ ಜಾಗದಲ್ಲಿ ಇಕ್ಕಟ್ಟಾಗಿ ಕೂರುತ್ತದೆ, ಮೈಯೆಲ್ಲ ಬಿಗಿಯುತ್ತದೆ.

ಆದರೆ ಈ ಮೀಹಕ್ಕೆ ಮುನ್ನ ಬೆಳಕು ಕೊಯ್ದ ಅಂಚನ್ನೂ ಅನೇಕ ಕಡೆ ಸಾಣೆಗೆ ಕೊಡುತ್ತಾರಂತೆ. ನಮ್ಮ ಅಂಗಡಿಯವರೂ ನೀರು ಚಿಮುಕಿಸಿ, ಕಲ್ಲಿನಿಂದ ಅಂಚನ್ನು ಉಜ್ಜಿ, ಹೆಬ್ಬೆರಳಿನಿಂದ ಸವರಿ ನೋಡಿದ ಮೇಲೆಯೇ ಗಾಜನ್ನು ನನ್ನ ಕೈಗೆ ಕೊಡುತ್ತಿದ್ದರು.