ರಾಮಾಯಣಕ್ಕೆ ಹೆಸರು ಕೊಟ್ಟ ತೊರವಿ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೊರಟ ಬಸ್ಸು ಐದಾರು ಕಿಲೋಮೀಟರಿಗೆಲ್ಲ ತೊರವಿ ದಾಟುತ್ತದೆ. ಅಲ್ಲಿ ಇಳಿಯುವವರು ಊರಿನವರು, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು, ನರಸಿಂಹನಿಗೆ ನಡೆದುಕೊಳ್ಳುವ ಭಕ್ತರು. ಗೋಳಗುಮ್ಮಟ ನೋಡಲು ದೂರದಿಂದ ಬಂದವರು ಇತ್ತ ತಿರುಗುವುದು ಕಡಿಮೆ. ಕನ್ನಡದ ಒಂದು ದೊಡ್ಡ ಕಾವ್ಯ, ತೊರವೆ ರಾಮಾಯಣ, ತನ್ನ ಹೆಸರಿನಲ್ಲೇ ಹೊತ್ತುಕೊಂಡಿರುವ ಊರು ಇದು.

ಕಾವ್ಯವೊಂದು ಜನರನ್ನು ಊರಿಗೆ ಹೇಗೆ ಸೆಳೆಯಬಲ್ಲದು ಎಂಬುದಕ್ಕೆ ಗ್ರೀಸಿನ ಇಥಾಕಾ ದ್ವೀಪವನ್ನು ನೋಡಿ. ಅಲ್ಲಿ ಇರುವವರು ಸುಮಾರು ಮೂರು ಸಾವಿರ ಜನ. 1953ರ ಭೂಕಂಪದಲ್ಲಿ ಅಲ್ಲಿನ ಹೆಚ್ಚಿನ ಮನೆಗಳು ಕುಸಿದವು. ಆದರೂ ಹೋಮರನನ್ನು ಓದಿದವರು ಸಮುದ್ರ ದಾಟಿ ಅಲ್ಲಿಗೆ ಹೋಗುತ್ತಲೇ ಇದ್ದಾರೆ. ಟ್ರಾಯ್ ಯುದ್ಧಕ್ಕೆ ಹೋದ ಒಡಿಸ್ಸಿಯಸ್ ಇಪ್ಪತ್ತು ವರ್ಷಗಳ ಮೇಲೆ ಮರಳಿದ್ದು ಇದೇ ಮಣ್ಣಿಗೆ ಎಂಬ ನಂಬಿಕೆ ಅವರನ್ನು ಕರೆದೊಯ್ಯುತ್ತದೆ. 1930ರ ದಶಕದಲ್ಲಿ ಸಿಲ್ವಿಯಾ ಬೆಂಟನ್ ಎಂಬ ಪುರಾತತ್ತ್ವಜ್ಞೆ ಅಲ್ಲಿನ ಕಡಲಂಚಿನ ಗವಿಯೊಂದನ್ನು ಅಗೆದಾಗ ಕಂಚಿನ ಮುಕ್ಕಾಲಿಗಳು ಸಿಕ್ಕವು. ಜೊತೆಗೆ ಒಡಿಸ್ಸಿಯಸ್‌ಗೆ ಹರಕೆ ಎಂದು ಕೊರೆದ ಮಣ್ಣಿನ ಮುಖವಾಡದ ಚೂರೂ ಸಿಕ್ಕಿತು. ಹೋಮರ್ ಹೇಳಿದ ಇಥಾಕಾ ಇದಲ್ಲ, ಪಕ್ಕದ ಕೆಫಲೋನಿಯಾ ಎನ್ನುವ ವಿದ್ವಾಂಸರೂ ಇದ್ದಾರೆ. ಹೋಗುವವರನ್ನು ಆ ವಾದ ತಡೆದಿಲ್ಲ.

ತೊರವಿಯ ನರಸಿಂಹನ ಗುಡಿಯೂ ನೆಲದೊಳಗೇ ಇದೆ. ಕೆಳಗಿಳಿದು ದರ್ಶನ ಮಾಡಬೇಕು. ಈ ದೇವರ ಭಕ್ತ ನರಹರಿ, ಕುಮಾರ ವಾಲ್ಮೀಕಿ ಎಂಬ ಹೆಸರಿನಿಂದ, 1500ರ ಆಸುಪಾಸಿನಲ್ಲಿ ಭಾಮಿನಿ ಷಟ್ಪದಿಯ 5,000ಕ್ಕೂ ಹೆಚ್ಚು ಪದ್ಯಗಳಲ್ಲಿ ರಾಮಕಥೆ ಹೇಳಿದ. ಅದಕ್ಕೂ ಮೊದಲೇ ಕನ್ನಡದಲ್ಲಿ ನಾಗಚಂದ್ರನ ಜೈನ ರಾಮಾಯಣವಿತ್ತು. ವಾಲ್ಮೀಕಿಯ ಜಾಡಿನ ಕಥೆಯನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದವನು ನರಹರಿ.

ಹೋಮರನ ಕಾವ್ಯದಲ್ಲೂ ನರಹರಿಯ ಕಾವ್ಯದಲ್ಲೂ ಬಿಲ್ಲಿನ ಪರೀಕ್ಷೆಯಿದೆ, ಮನೆ ಬಿಟ್ಟವನು ವರ್ಷಾನುಗಟ್ಟಲೆ ಅಲೆದು ಮರಳುವುದಿದೆ. ಆದರೆ ರಾಮ ತೊರವಿಯಲ್ಲಿ ಹುಟ್ಟಿದವನಲ್ಲ. ಊರಿಗೆ ನಂಟು ಕವಿಯದು. ಆ ನಂಟೇ ಹೆಚ್ಚು ಗಟ್ಟಿ ಎಂದು ನನಗನ್ನಿಸುತ್ತದೆ: ನಾಯಕ ನಡೆದ ನೆಲ ಯಾವುದೆಂದು ವಾದ ಹೂಡಬಹುದು, ಕಾವ್ಯದ ಹೆಸರಲ್ಲೇ ಇರುವ ಊರನ್ನು ಯಾರೂ ಅಳಿಸಲಾರರು.

ತೊರವಿಯ ಮಗ್ಗುಲಲ್ಲೇ 1599ರಲ್ಲಿ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹ ನವರಸಪುರ ಕಟ್ಟಲು ತೊಡಗಿದ. ಸರಸ್ವತಿ, ಗಣಪತಿಯನ್ನು ಸ್ತುತಿಸಿ ಹಾಡು ಕಟ್ಟಿದ ಸುಲ್ತಾನ ಅವನು. ಅವನ ಕಿತಾಬ್-ಎ-ನವರಸ್ ಸಂಗೀತಕ್ಕೆಂದೇ ಬರೆದದ್ದು. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ಆ ಊರನ್ನು ಹಾಳುಗೆಡವಿತು. ಅಲ್ಲಿನ ಸಂಗೀತ ಮಹಲಿನ ಎತ್ತರದ ಕಮಾನು ಇನ್ನೂ ನಿಂತಿದೆ. ವಿಜಯಪುರ ನಗರ ಕುಡಿದದ್ದೂ ತೊರವಿಯ ನೀರನ್ನೇ; ನೆಲದಡಿಯ ಸುರಂಗದಲ್ಲಿ ಅದು ಊರು ಸೇರುತ್ತಿತ್ತು.

ನರಹರಿಯ ಕಾವ್ಯ ಹರಿದದ್ದು ಇನ್ನೂ ದೂರ. ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬ ಕಟ್ಟಿದ ರಾಮಾಯಣದ ಯಕ್ಷಗಾನ ಪ್ರಸಂಗಗಳ ಮೇಲೆ ಅದರ ಪ್ರಭಾವ ದಟ್ಟವಾಗಿದೆ. ಕರಾವಳಿಯ ಆಟದ ರಂಗಸ್ಥಳಕ್ಕೆ ವಿಜಯಪುರ ಸೀಮೆಯ ಕವಿಯ ಮಾತು ತಲುಪಿದ್ದನ್ನು ನೆನೆದರೆ ಹೆಮ್ಮೆಯಾಗುತ್ತದೆ. ಅದೇ ಮಾತು ಹುಟ್ಟಿದ ಸೀಮೆಯಲ್ಲಿ ಗಟ್ಟಿಯಾಗಿ ಕೇಳಿಸಬೇಡವೇ?

ತಿಕೋಟಾ, ಬಬಲೇಶ್ವರದ ಕಡೆ ಪುರಾಣ, ಪ್ರವಚನ ಎಂದರೆ ಜನ ಕಿವಿಗೊಟ್ಟು ಕೂಡುತ್ತಾರೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರ ಮಾತಿಗೆ ಸಾವಿರಾರು ಜನ ಸದ್ದಿಲ್ಲದೆ ಕೂತದ್ದನ್ನು ಈ ನಾಡು ಕಂಡಿದೆ. ಇಂಥ ಕೇಳುಗರಿರುವಲ್ಲಿ ವರ್ಷಕ್ಕೊಮ್ಮೆಯಾದರೂ ತೊರವೆ ರಾಮಾಯಣದ ಗಮಕ ವಾಚನ ಊರೂರಿಗೆ ಬರಬೇಕು. ನೀವೂ ಮುಂದಿನ ಸಲ ಗೋಳಗುಮ್ಮಟಕ್ಕೆ ಹೋದಾಗ ಒಂದು ಮುಂಜಾನೆಯನ್ನು ತೊರವಿಗೆ ಇಟ್ಟುಕೊಳ್ಳಿ. ಬಾಲಕಾಂಡದ ನಾಲ್ಕು ಸಂಧಿಯನ್ನಾದರೂ ಓದಿಕೊಂಡೇ ಹೋಗಿ.